ಉಗುಳುವುದೇ ನನ್ನ ಕಸುಬು

ವೈನ್ ಬಗ್ಗೆ ಬರೆಯುತ್ತೇನೆ ಎಂದರೆ ಚಿಕ್ಕಬಳ್ಳಾಪುರದ ನೆಂಟರು ಇವತ್ತಿಗೂ ನನ್ನನ್ನು ಕುಡುಕರ ಪಟ್ಟಿಗೇ ಸೇರಿಸುತ್ತಾರೆ. ರುಚಿ ನೋಡುವ ದಿನ ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಬಕೆಟ್ಟಿಗೆ ಉಗುಳುತ್ತೇನೆ ಎಂದರೆ ನಂಬುವವರಿಲ್ಲ.

ತಿಂಡಿ ಮುಗಿದು ಊಟಕ್ಕಿನ್ನೂ ಹೊತ್ತಿರುವಾಗ ಕೂರುತ್ತೇನೆ. ಅಷ್ಟು ಹೊತ್ತು ಕಾಫಿ ಇಲ್ಲ, ಊದುಬತ್ತಿ ಇಲ್ಲ, ಮಲ್ಲಿಗೆ ಮುಡಿದವರು ಆ ಕೋಣೆಗೆ ಬರುವಂತಿಲ್ಲ. ಬಾಟಲಿಗೆ ಕಾಗದ ಸುತ್ತಿ ಹೆಸರು ಮುಚ್ಚಿಬಿಡುತ್ತೇನೆ. ಬೆಲೆ ಗೊತ್ತಾದರೆ ನಾಲಿಗೆ ಲಂಚ ತಿಂದ ಹಾಗೆ. ಗ್ಲಾಸಿಗೆ ಸ್ವಲ್ಪವೇ ಸುರಿದು, ಬಿಳಿ ಹಾಳೆ ಹಿಡಿದು ಬಣ್ಣ ನೋಡಿ, ಮೊದಲು ಅಲುಗಿಸದೆ ಮೂಸಿ, ಆಮೇಲೆ ತಿರುಗಿಸಿ ಮೂಸುತ್ತೇನೆ. ಹುಳಿ, ಸಿಹಿ, ಒಸಡು ಹಿಡಿಯುವ ಒಗರು, ಉಗುಳಿದ ಮೇಲೂ ಬಾಯಲ್ಲಿ ಉಳಿಯುವ ರುಚಿ ಇಷ್ಟನ್ನು ಬರೆದುಕೊಂಡರೆ ಸಾಕು. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕೆಂಬುದು ಯುರೋಪಿನ ತಣ್ಣನೆಯ ಮನೆಗಳ ಮಾತು. ನಮ್ಮ ಏಪ್ರಿಲ್‌ನ ಸೆಕೆಯಲ್ಲಿ ಅದು ಬರೀ ಸ್ಪಿರಿಟ್ ಹೊಡೆಯುತ್ತದೆ. 16ರಿಂದ 18 ಡಿಗ್ರಿಗೆ ಇಳಿಯುವ ತನಕ ನಾನು ಫ್ರಿಜ್ಜಿನಿಂದ ತೆಗೆಯುವುದಿಲ್ಲ.

ಇನ್ನು ತಿರುಗಾಟ. ದ್ರಾಕ್ಷಿ ತೋಟಕ್ಕೆ ಹೋಗುವುದಾದರೆ ಕೊಯ್ಲಿಗಲ್ಲ, ಬಳ್ಳಿ ಸವರುವಾಗ ಹೋಗಬೇಕು. ಕೊಯ್ಲಿನಲ್ಲಿ ಯಾರ ತೋಟವೂ ಚೆಂದವೇ. ಫ್ರಾನ್ಸಿನಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಂದಿಬೆಟ್ಟದ ತಪ್ಪಲಿನಲ್ಲಿ ಅಂಥ ಚಳಿಯಿಲ್ಲ. ಅದಕ್ಕೇ ಇಲ್ಲಿ ಎರಡು ಸಲ ಕತ್ತರಿ: ಏಪ್ರಿಲ್ ಸುಮಾರಿಗೆ ಕಡ್ಡಿ ಬಲಿಯಲಿ ಎಂದು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಣ್ಣಿಗೆಂದು. ಹಾಗಾಗಿ ಮಳೆ ಮುಗಿದ ಮೇಲೆ ಹಣ್ಣು ಮಾಗುತ್ತದೆ. ಹಗಲಿನ ಬಿಸಿಲು ಸಕ್ಕರೆ ಏರಿಸಿದರೆ ರಾತ್ರಿಯ ತಂಪು ಹುಳಿಯನ್ನು ಕಾಯುತ್ತದೆ. ನಾಸಿಕ್ ಕಡೆಯೂ ಇದೇ ಲೆಕ್ಕ. “ಗೊಂಚಲು ಜಾಸ್ತಿ ಬಿಟ್ರೆ ತೂಕ ಬರುತ್ತೆ ಸಾರ್, ಸಕ್ಕರೆ ಏರಲ್ಲ,” ಎಂದರು ಒಬ್ಬ ರೈತರು. ತಿನ್ನುವ ದ್ರಾಕ್ಷಿಯವನಿಗೆ ತೂಕ ಬೇಕು, ವೈನಿನವನಿಗೆ ಸಕ್ಕರೆ ಬೇಕು. ಅಂದಿನಿಂದ ನೀರುನೀರಾದ ವೈನ್ ಸಿಕ್ಕಾಗಲೆಲ್ಲ ಬಳ್ಳಿಯ ಮೇಲೆ ಎಷ್ಟು ಗೊಂಚಲು ಬಿಟ್ಟಿದ್ದರು ಎಂದು ಕೇಳುತ್ತೇನೆ. ಉತ್ತರ ಕೊಡಲು ಎಲ್ಲರಿಗೂ ಖುಷಿಯಿರುವುದಿಲ್ಲ. ಕ್ಯಾಬರ್ನೆ ಸೋವಿನ್ಯೋನ್ ಎಂಬ ತಳಿಯ ಕೆಂಪು ವೈನಿನಲ್ಲಿ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಜೋರಾಗಿದ್ದರೆ ಹಣ್ಣು ಪೂರ್ತಿ ಮಾಗಿರಲಿಲ್ಲ, ಇಲ್ಲವೇ ಎಲೆಯ ನೆರಳಲ್ಲಿ ಮುಚ್ಚಿಹೋಗಿತ್ತು ಎನ್ನುವುದೂ ತೋಟದಲ್ಲೇ ತಿಳಿದದ್ದು.

ಪಕ್ಕದ ದೊಡ್ಡಬಳ್ಳಾಪುರದ ಕಡೆ ಗ್ರೋವರ್ ಕುಟುಂಬ 1980ರ ದಶಕದಲ್ಲೇ ಫ್ರೆಂಚ್ ತಳಿಗಳನ್ನು ನೆಟ್ಟಿತು. ಮುಂದೆ ಫ್ರಾನ್ಸಿನ ಬೋರ್ಡೊದ ವೈನ್ ತಜ್ಞ ಮಿಷೆಲ್ ರೋಲಾನ್ ಅವರಿಗೆ ಸಲಹೆಗಾರರಾಗಿ ಬಂದರು. ಆದರೆ ನಮ್ಮ ಜಿಲ್ಲೆಯ ಚಪ್ಪರಗಳಲ್ಲಿ ತೂಗುವುದು ಹೆಚ್ಚಾಗಿ ಬೆಂಗಳೂರು ಬ್ಲೂ, ದಿಲ್‌ಖುಷ್ ಎಂಬ ದ್ರಾಕ್ಷಿ ತಳಿಗಳು. 2013ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಬೆಂಗಳೂರು ಬ್ಲೂ ಅಮೆರಿಕದ ಲಬ್ರುಸ್ಕಾ ಎಂಬ ದ್ರಾಕ್ಷಿ ಜಾತಿಯ ವಂಶದ್ದು. ದಪ್ಪ ಸಿಪ್ಪೆ, ಚೀಪಿದರೆ ತಿರುಳು ಜಾರಿ ಬರುತ್ತದೆ. ಅದರ ಗಾಢ ಘಮಲಿಗೆ ಮೀಥೈಲ್ ಆಂಥ್ರನಿಲೇಟ್ ಎಂಬ ರಾಸಾಯನಿಕ ಕಾರಣ. ಜ್ಯೂಸಿಗೆ ಅದಕ್ಕಿಂತ ಒಳ್ಳೆಯ ಹಣ್ಣು ನಾನು ಕಂಡಿಲ್ಲ. ಸಿಹಿ ವೈನಿನಲ್ಲೂ ಆ ಘಮಲು ಹೊಂದುತ್ತದೆ. ಸಿಹಿ ಉಳಿಯದ ಹಾಗೆ ಹುದುಗಿಸಿದ ಡ್ರೈ ವೈನಿನಲ್ಲಿ ಮಾತ್ರ ಸೆಂಟಿನ ಹಾಗೆ ಮೂಗಿಗೆ ಹೊಡೆಯುತ್ತದೆ. ಅದಕ್ಕೆ ನಾನು ಒಳ್ಳೆಯ ಅಂಕ ಕೊಟ್ಟಿಲ್ಲ. ಈ ಕಾರಣಕ್ಕೇ ಪರಿಚಯದ ತೋಟದವರೊಬ್ಬರು ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾರೆ, ಆದರೂ ಪ್ರತಿ ಕೊಯ್ಲಿಗೆ ಒಂದು ಬುಟ್ಟಿ ಹಣ್ಣು ಕಳಿಸುವುದನ್ನು ಬಿಟ್ಟಿಲ್ಲ.