ಹಳೆಯ ಕೀಪ್ಯಾಡ್ ಮೊಬೈಲಿಗೆ ನಮ್ಮ ಹಾಡು, ನಮ್ಮದೇ ರಿಂಗ್‌ಟೋನ್

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಬಹಳಷ್ಟು ಮನೆಗಳಲ್ಲಿ ಹಿರಿಯರ ಕಿಸೆಯಲ್ಲಿ ಇಂದಿಗೂ ಇರುವುದು ಕೀಪ್ಯಾಡ್ ಮೊಬೈಲೇ. ಒಮ್ಮೆ ಚಾರ್ಜ್ ಮಾಡಿದರೆ ದಿನಗಟ್ಟಲೆ ನಡೆಯುವ, ಹೊಲದ ಬದುವಿನ ಮೇಲೆ ಬಿದ್ದರೂ ಸುಲಭವಾಗಿ ಒಡೆಯದ, ಬೆರಳಿನ ಅಂದಾಜಿನಲ್ಲೇ ನಂಬರ್ ಒತ್ತಬಹುದಾದ ಆ ಫೋನಿಗೆ ಅವರು ಒಗ್ಗಿದ್ದಾರೆ. ಅದನ್ನು ಬದಲಿಸುವ ಅಗತ್ಯವೂ ಇಲ್ಲ. ಅವರಿಗೆ ಬೇಕಾದದ್ದು ತಾವು ಮೆಚ್ಚಿದ ಭಜನಾ ಪದವನ್ನೋ ಶ್ರೀಕೃಷ್ಣ ಪಾರಿಜಾತ ಬಯಲಾಟದ ಹಾಡನ್ನೋ ಪ್ರವಚನವನ್ನೋ ಅದರಲ್ಲಿ ಕೇಳುವ ಅನುಕೂಲ, ಮತ್ತು ನಾಲ್ಕು ಜನರ ನಡುವೆ ಕುಳಿತಾಗಲೂ ತಮ್ಮ ಫೋನೇ ಬಾರಿಸುತ್ತಿದೆ ಎಂದು ತಿಳಿಯುವಂಥ ಒಂದು ರಿಂಗ್‌ಟೋನ್. ಪೇಟೆಯ ಮೊಬೈಲ್ ಅಂಗಡಿಗೆ ಹೋಗಿ ಮೆಮರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಬರುವ ರೂಢಿ ಇದೆಯಾದರೂ, ಅಲ್ಲಿ ಸಿಗುವುದು ಅಂಗಡಿಯ ಕಂಪ್ಯೂಟರಿನಲ್ಲಿ ಇದ್ದ ಹಾಡುಗಳು ಮಾತ್ರ. ಮನೆಯಲ್ಲಿ ಒಂದು ಕಂಪ್ಯೂಟರ್ ಇದ್ದರೆ ಈ ಕೆಲಸವನ್ನು ನಾವೇ, ನಮಗೆ ಬೇಕಾದ ಹಾಗೆ, ಮಾಡಿಕೊಡಬಹುದು. ಇದರಲ್ಲಿ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಫೋನಿನಿಂದ ಬರುವುದಿಲ್ಲ, ನಾವು ಅದಕ್ಕೆ ಕೊಡುವ ಫೈಲಿನಿಂದ ಬರುತ್ತವೆ. ಫೈಲನ್ನು ಕಂಪ್ಯೂಟರಿನಲ್ಲೇ ಸರಿಯಾಗಿ ಸಿದ್ಧಪಡಿಸಿದರೆ ಫೋನಿನಲ್ಲಿ ಉಳಿಯುವ ಕೆಲಸ ಅತ್ಯಲ್ಪ.

ಮೊದಲು ಫೋನನ್ನು ಪರೀಕ್ಷಿಸಿ. ಹಿಂಬದಿಯ ಮುಚ್ಚಳ ತೆಗೆದು, ಬೇಕಾದರೆ ಬ್ಯಾಟರಿಯನ್ನೂ ತೆಗೆದು, ಸಿಮ್ಮಿನ ಪಕ್ಕದಲ್ಲಿ ಮೆಮರಿ ಕಾರ್ಡಿನ ಜಾಗ ಇದೆಯೇ ಎಂದು ನೋಡಬೇಕು. ಮೆನುವಿನಲ್ಲಿ ಬ್ಲೂಟೂತ್ ಇದೆಯೇ ಎಂದೂ ನೋಡಬೇಕು. 2003ರಲ್ಲಿ ಬಂದ ನೋಕಿಯಾ 1100ರಂಥ ಫೋನುಗಳಲ್ಲಿ ಇವೆರಡೂ ಇಲ್ಲ, ಅವುಗಳಿಗೆ ಹಾಡು ಹಾಕಲು ಬರುವುದಿಲ್ಲ. ಕಾರ್ಡಿನ ಜಾಗ ಇದ್ದರೆ ಅದೇ ಎಲ್ಲಕ್ಕಿಂತ ಸುಲಭದ ದಾರಿ.

ಕಾರ್ಡ್ ಕೊಳ್ಳುವಾಗ ದೊಡ್ಡದೇ ಒಳ್ಳೆಯದು ಎಂದುಕೊಳ್ಳಬೇಡಿ. 2 ಜಿಬಿವರೆಗಿನ ಕಾರ್ಡುಗಳು ಒಂದು ಬಗೆಯವು, ಅದಕ್ಕಿಂತ ಮೇಲೆ 32 ಜಿಬಿವರೆಗಿನವು ಎಸ್‌ಡಿಎಚ್‌ಸಿ ಎಂಬ ಇನ್ನೊಂದು ಬಗೆಯವು, 32ಕ್ಕಿಂತ ದೊಡ್ಡವು ಎಸ್‌ಡಿಎಕ್ಸ್‌ಸಿ ಎಂಬ ಮೂರನೆಯ ಬಗೆಯವು. ಎಸ್‌ಡಿಎಚ್‌ಸಿ ಬಂದದ್ದು 2006ರಲ್ಲಿ. ಅದಕ್ಕೂ ಹಿಂದಿನ ಫೋನುಗಳು 4 ಜಿಬಿ ಕಾರ್ಡನ್ನು ಹಾಕಿದರೆ ಕಾರ್ಡೇ ಇಲ್ಲವೆಂಬಂತೆ ವರ್ತಿಸುತ್ತವೆ. ಆನಂತರದ ಸಾಮಾನ್ಯ ಕೀಪ್ಯಾಡ್ ಫೋನುಗಳಲ್ಲಿ ಎಷ್ಟು ಜಿಬಿವರೆಗೆ ನಡೆಯುತ್ತದೆ ಎಂಬುದನ್ನು ಡಬ್ಬಿಯ ಮೇಲೆ ಅಥವಾ ಅದರೊಳಗಿನ ಪುಸ್ತಿಕೆಯಲ್ಲಿ ಬರೆದಿರುತ್ತಾರೆ. ಜಾಗದ ಚಿಂತೆ ಬೇಡ. 128 ಕೆಬಿಪಿಎಸ್‌ನ (ಒಂದು ಸೆಕೆಂಡಿನ ಧ್ವನಿಗೆ ಎಷ್ಟು ಡೇಟಾ ಎಂಬ ಅಳತೆ; ಹೆಚ್ಚಿದಷ್ಟೂ ಧ್ವನಿ ಚೆನ್ನ, ಫೈಲು ದೊಡ್ಡದು) ಎಂಪಿ3 ಹಾಡು ನಿಮಿಷಕ್ಕೆ ಒಂದು ಎಂಬಿಗಿಂತ ತುಸು ಕಡಿಮೆ ಜಾಗ ಹಿಡಿಯುತ್ತದೆ, ಹಾಗಾಗಿ 2 ಜಿಬಿ ಕಾರ್ಡಿನಲ್ಲೂ ಮೂವತ್ತು ಗಂಟೆಗಿಂತ ಹೆಚ್ಚು ಹಾಡು ಹಿಡಿಸುತ್ತದೆ. ಸಂತೆಯಲ್ಲಿ, ಫುಟ್‌ಪಾತಿನಲ್ಲಿ ಅತಿ ಅಗ್ಗಕ್ಕೆ ಸಿಗುವ 64 ಜಿಬಿ ಕಾರ್ಡುಗಳ ಬಗ್ಗೆ ಎಚ್ಚರವಿರಲಿ. ಅವುಗಳಲ್ಲಿ ಕೆಲವು ಒಳಗೆ ಕೆಲವೇ ಜಿಬಿ ಜಾಗವಿಟ್ಟುಕೊಂಡು ಕಂಪ್ಯೂಟರಿಗೆ ದೊಡ್ಡ ಲೆಕ್ಕ ತೋರಿಸುತ್ತವೆ. ನಿಜವಾದ ಜಾಗ ಮುಗಿದ ಮೇಲೆ ಹಾಕಿದ ಹಾಡುಗಳು ಹೆಸರು ತೋರಿಸಿದರೂ ಬಾರಿಸುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶ ಕಾರ್ಡನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ, ಸತ್ಯಾಂಶ ಹೇಳುತ್ತದೆ. ಹೊಸ ಕಾರ್ಡನ್ನು ಸಾಧ್ಯವಾದರೆ ಫೋನಿನಲ್ಲೇ ಫಾರ್ಮ್ಯಾಟ್ ಮಾಡಿ. ಆಗ ಆ ಫೋನು ಓದಬಲ್ಲ ರೀತಿಯಲ್ಲೇ ಅದು ಸಿದ್ಧವಾಗುತ್ತದೆ.

ಇನ್ನು ಹಾಡುಗಳ ವಿಷಯ. ಅವು ಬರುವ ದಾರಿಗಳು ಹಲವು: ನೀವು ಕೊಂಡ ಸಿಡಿಗಳು, ಹಳೆಯ ಕ್ಯಾಸೆಟ್ಟುಗಳು, ಹಣ ಕೊಟ್ಟು ಇಳಿಸಿಕೊಂಡ ಎಂಪಿ3ಗಳು, ಮನೆಯವರೇ ಹಾಡಿ ರೆಕಾರ್ಡ್ ಮಾಡಿದ ಪದಗಳು. ಹಾಡಿನ ಆ್ಯಪ್‌ಗಳಲ್ಲಿ 'ಡೌನ್‌ಲೋಡ್' ಆದ ಹಾಡುಗಳು ಬೀಗ ಹಾಕಿದ ಫೈಲುಗಳಾಗಿರುವುದರಿಂದ ಅವು ಆ ಆ್ಯಪ್‌ನ ಹೊರಗೆ ಬಾರಿಸುವುದಿಲ್ಲ. ಅವುಗಳ ಬೆನ್ನು ಹತ್ತಿ ಹೊತ್ತು ಕಳೆಯಬೇಡಿ. ಸ್ವಂತದ ಬಳಕೆಗೆ ಹಾಡನ್ನು ನ್ಯಾಯಯುತವಾಗಿ ಬಳಸಿಕೊಳ್ಳುವುದಕ್ಕೆ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಅವಕಾಶವಿದೆ, ಆದರೆ ನಕಲು ಮಾಡಿ ಮಾರುವುದಕ್ಕೆ ಇಲ್ಲ.

ಈ ಎಲ್ಲದರಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಕ್ಯಾಸೆಟ್ಟುಗಳು. ನಮ್ಮ ಭಾಗದ ಭಜನಾ ಮೇಳಗಳ, ಗೀಗೀ ಪದದ ಮೇಳಗಳ, ಊರ ಜಾತ್ರೆಯ ಬಯಲಾಟಗಳ ಎಷ್ಟೋ ಧ್ವನಿಗಳು ಇರುವುದು ಅವುಗಳಲ್ಲಿ ಮಾತ್ರ, ಮತ್ತು ಟೇಪು ವರ್ಷದಿಂದ ವರ್ಷಕ್ಕೆ ಕೆಡುತ್ತಲೇ ಇರುತ್ತದೆ. ಕ್ಯಾಸೆಟ್ ಪ್ಲೇಯರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್ ತೂತಿಗೆ ಎರಡೂ ತುದಿಯಲ್ಲಿ 3.5 ಮಿಮೀ ಪಿನ್ನಿರುವ ವೈರನ್ನು ಜೋಡಿಸಿ, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ರೆಕಾರ್ಡ್ ಗುಂಡಿ ಒತ್ತಿ ಟೇಪನ್ನು ಓಡಿಸಬೇಕು. ಧ್ವನಿ ಎಷ್ಟೇ ಏರಿದರೂ ಪರದೆಯ ಮೇಲಿನ ಧ್ವನಿ ಮೀಟರಿನ ಪಟ್ಟಿ ಮೈನಸ್ 6 ಡೆಸಿಬೆಲ್‌ನ ಆಸುಪಾಸಿನಲ್ಲೇ ನಿಲ್ಲುವಂತೆ ಪ್ಲೇಯರಿನ ವಾಲ್ಯೂಮ್ ಹೊಂದಿಸಿ. ಸೊನ್ನೆಯನ್ನು ಮುಟ್ಟಿದ ಕಡೆ ಧ್ವನಿ ಒಡೆಯುತ್ತದೆ, ಒಡೆದ ಧ್ವನಿಯನ್ನು ಆಮೇಲೆ ಸರಿಪಡಿಸಲು ಬರುವುದಿಲ್ಲ. 60 ನಿಮಿಷದ ಕ್ಯಾಸೆಟ್ಟಿನ ಒಂದು ಬದಿ ಮುಗಿಯಲು ಅರ್ಧ ಗಂಟೆ ಬೇಕೇ ಬೇಕು, ಇಲ್ಲಿ ಅವಸರಕ್ಕೆ ಜಾಗವಿಲ್ಲ. ರೆಕಾರ್ಡ್ ಆದದ್ದನ್ನು ಮೊದಲು ಧ್ವನಿಯನ್ನು ಕುಗ್ಗಿಸದೆ ಇಡುವ ವೇವ್ (WAV) ಫೈಲಾಗಿ ಉಳಿಸಿ ಪಕ್ಕಕ್ಕಿಟ್ಟು, ಆನಂತರ ಹಾಡು ಹಾಡಾಗಿ ಕತ್ತರಿಸಿ ಎಂಪಿ3 ಮಾಡಿಕೊಳ್ಳಿ.

ಮನೆಯವರ ಪದಗಳನ್ನು ರೆಕಾರ್ಡ್ ಮಾಡಲು ಕೀಪ್ಯಾಡ್ ಫೋನಿನ ರೆಕಾರ್ಡರ್ ಬಳಸಬೇಡಿ. ಅಂಥ ಫೋನುಗಳಲ್ಲಿ ಹೆಚ್ಚಿನವು ಎಎಂಆರ್ ಎಂಬ ರೂಪದಲ್ಲಿ, ಸೆಕೆಂಡಿಗೆ 8000 ಮಾದರಿಗಳಂತೆ ಧ್ವನಿ ಹಿಡಿಯುತ್ತವೆ. ಮಾತಿಗೆ ಅದು ಸಾಕು, ಹಾಡಿಗೆ ಸಾಲದು. ಸ್ಮಾರ್ಟ್‌ಫೋನು ಇರುವ ಮೊಮ್ಮಕ್ಕಳು ಯಾರಾದರೂ ಫ್ಯಾನ್ ಆರಿಸಿ, ಆಯಿಯ ಮುಂದೆ ಒಂದು ಗೇಣು ಇಲ್ಲವೇ ಎರಡು ಗೇಣು ದೂರದಲ್ಲಿ ಫೋನಿಟ್ಟು, ಬೀಸುವ ಕಲ್ಲಿನ ಪದವನ್ನೋ ಸೋಬಾನೆ ಪದವನ್ನೋ ಹಾಡಿಸಿ ರೆಕಾರ್ಡ್ ಮಾಡಿಕೊಂಡರೆ ಅದು ಯಾವ ಅಂಗಡಿಯಲ್ಲೂ ಸಿಗದ ಹಾಡು. ಅದನ್ನು ವಾಟ್ಸಾಪಿನ ಧ್ವನಿ ಸಂದೇಶವಾಗಿ ಕಳಿಸಿದ್ದರೆ ಫೈಲು ಓಪಸ್ ಎಂಬ ರೂಪದಲ್ಲಿರುತ್ತದೆ, ಹಳೆಯ ಫೋನು ಅದನ್ನು ತೆರೆಯುವುದಿಲ್ಲ. ವಿಎಲ್‌ಸಿ ತಂತ್ರಾಂಶದ 'ಮೀಡಿಯಾ' ಮೆನುವಿನಲ್ಲಿ 'ಕನ್ವರ್ಟ್ / ಸೇವ್' ಆಯ್ದು, ಆಡಿಯೋ ಎಂಪಿ3 ಎಂಬ ಪ್ರೊಫೈಲ್ ಕೊಟ್ಟರೆ ಅದು ಎಂಪಿ3 ಆಗುತ್ತದೆ. ಎಂ4ಎ ಎಂಬ ಇನ್ನೊಂದು ರೂಪದ ಧ್ವನಿ ಫೈಲುಗಳಿಗೂ ಇದೇ ಮದ್ದು.

ಫೈಲಿನ ಗುಣಮಟ್ಟವನ್ನು ಕೇಳುವ ವಸ್ತುವಿಗೆ ತಕ್ಕಂತೆ ಆರಿಸಿ. ಹಾಡಿಗೆ 128 ಕೆಬಿಪಿಎಸ್ ಸಾಕು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿಯಲ್ಲಿ ಅಗಲಿದರೂ ಅವರ ಪ್ರವಚನಗಳನ್ನು ನಿತ್ಯ ಕೇಳುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಅಂಥ ಮಾತಿನ ಧ್ವನಿಗೆ 64 ಕೆಬಿಪಿಎಸ್ ಮೋನೋ (ಎಡ-ಬಲ ಎಂದು ಎರಡಾಗಿರದೆ ಒಂದೇ ಆಗಿರುವ ಧ್ವನಿ) ಸಾಕಾಗುತ್ತದೆ, ಒಂದು ಗಂಟೆಯ ಪ್ರವಚನ 30 ಎಂಬಿಯೊಳಗೆ ಕೂರುತ್ತದೆ. ಹಳೆಯ ಫೋನುಗಳಲ್ಲಿ ಹಲವು ಎಲ್ಲಿ ನಿಲ್ಲಿಸಿದ್ದೆವು ಎಂಬುದನ್ನು ನೆನಪಿಡುವುದಿಲ್ಲ, ನಡುವೆ ಕರೆ ಬಂದರೆ ಅಥವಾ ಫೋನ್ ಆರಿದರೆ ಮತ್ತೆ ಮೊದಲಿನಿಂದಲೇ ಶುರುವಾಗುತ್ತದೆ. ಆದ್ದರಿಂದ ದೀರ್ಘವಾದ ಪ್ರವಚನವನ್ನು ಹದಿನೈದು ನಿಮಿಷದ ತುಂಡುಗಳಾಗಿ ಕತ್ತರಿಸಿ ಕೊಡುವುದು ಕೇಳುಗರಿಗೆ ಮಾಡುವ ದೊಡ್ಡ ಉಪಕಾರ.

ಫೈಲಿಗೆ ಕನ್ನಡ ಲಿಪಿಯಲ್ಲಿ ಹೆಸರಿಟ್ಟರೆ ಹಳೆಯ ಫೋನಿನ ಪರದೆಯ ಮೇಲೆ ಬರೀ ಚೌಕಗಳು ಕಾಣಿಸಬಹುದು. ಕನ್ನಡದ ಹೆಸರನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ, ಚಿಕ್ಕದಾಗಿ ಬರೆದು, ಮುಂದೆ 01, 02 ಎಂದು ಸಂಖ್ಯೆ ಹಾಕಿ. ಕೆಲವು ಫೋನುಗಳು ಸಂಖ್ಯೆಯನ್ನೂ ಲೆಕ್ಕಿಸದೆ ಕಾರ್ಡಿಗೆ ಫೈಲು ಸೇರಿದ ಅನುಕ್ರಮದಲ್ಲೇ ಬಾರಿಸುತ್ತವೆ. ಹಾಗಿದ್ದರೆ ಪಾರಿಜಾತದಂಥ ಕಥೆಯ ಭಾಗಗಳನ್ನು ಒಂದೊಂದಾಗಿ, ಬರಬೇಕಾದ ಕ್ರಮದಲ್ಲೇ, ನಕಲು ಮಾಡಬೇಕು.

ಕಾರ್ಡಿಗೆ ಸಾಗಿಸುವ ಕೆಲಸ ಚಿಕ್ಕದು. ಕಾರ್ಡನ್ನು ಅಡಾಪ್ಟರಿಗೆ ಅಥವಾ ಕಾರ್ಡ್ ರೀಡರಿಗೆ ಹಾಕಿ ಕಂಪ್ಯೂಟರಿಗೆ ಜೋಡಿಸಿ, ಮ್ಯೂಸಿಕ್ ಅಥವಾ ಮೈ ಮ್ಯೂಸಿಕ್ ಎಂಬ ಫೋಲ್ಡರಿಗೆ ಹಾಡುಗಳನ್ನು ನಕಲು ಮಾಡಿ, 'ಸೇಫ್ಲಿ ರಿಮೂವ್' ಕೊಟ್ಟ ಮೇಲೆಯೇ ಹೊರತೆಗೆಯಬೇಕು. ಕಾರ್ಡಿಗೆ ಬರೆಯಲು ಬರುವುದಿಲ್ಲ ಎಂದು ಕಂಪ್ಯೂಟರ್ ಹೇಳಿದರೆ ಅಡಾಪ್ಟರಿನ ಪಕ್ಕದಲ್ಲಿರುವ ಸಣ್ಣ 'ಲಾಕ್' ಗುಂಡಿ ಕೆಳಗೆ ಸರಿದಿದೆಯೇ ನೋಡಿ. ಡೇಟಾ ಕೇಬಲ್ಲಿನಿಂದಲೂ ಇದನ್ನು ಮಾಡಬಹುದು, ಫೋನಿನಲ್ಲಿ 'ಮಾಸ್ ಸ್ಟೋರೇಜ್' ಎಂಬುದನ್ನು ಆಯ್ದುಕೊಳ್ಳಬೇಕು ಅಷ್ಟೇ. ಫೋನು ಬರೀ ಚಾರ್ಜ್ ಆಗುತ್ತಿದ್ದರೆ ಆ ಕೇಬಲ್ಲಿನೊಳಗೆ ಡೇಟಾದ ತಂತಿಗಳೇ ಇಲ್ಲದಿರಬಹುದು. ಬ್ಲೂಟೂತ್ ಮೂಲಕ ಕಳಿಸುವುದಾದರೆ ಒಂದೆರಡು ಹಾಡಿಗೆ ಸರಿ. ಜೋಡಿಸುವಾಗ ಕೇಳುವ ಅಂಕಿ ಸಾಮಾನ್ಯವಾಗಿ 0000 ಅಥವಾ 1234.

ರಿಂಗ್‌ಟೋನಿಗೆ ಹೆಚ್ಚು ವಿಚಾರ ಬೇಕು. ಮೊದಲನೆಯದಾಗಿ ಅದರ ಉದ್ದ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2019ರಲ್ಲಿ ಮಾಡಿದ ನಿಯಮದಂತೆ ಮೊಬೈಲಿನಲ್ಲಿ ಉತ್ತರಿಸದ ಕರೆ 30 ಸೆಕೆಂಡು ಬಾರಿಸುತ್ತದೆ. ಹಾಗಾಗಿ 30 ಸೆಕೆಂಡಿಗಿಂತ ಉದ್ದದ ರಿಂಗ್‌ಟೋನು ವ್ಯರ್ಥ, ಮತ್ತು ಇಡೀ ಹಾಡನ್ನೇ ರಿಂಗ್‌ಟೋನ್ ಮಾಡಿಟ್ಟರೆ ಪಲ್ಲವಿ ಬರುವ ಮೊದಲೇ, ಆಲಾಪದ ನಡುವೆಯೇ ಕರೆ ನಿಂತುಹೋಗುತ್ತದೆ. ಎರಡನೆಯದು, ಫೋನಿನ ಸ್ಪೀಕರ್. ಬಟಾಣಿಗಿಂತ ತುಸು ದೊಡ್ಡದಾದ ಆ ಸ್ಪೀಕರಿನಿಂದ ತಗ್ಗಿನ ಧ್ವನಿಗಳು ಹೊರಡುವುದಿಲ್ಲ. ಡೊಳ್ಳಿನ ಗಂಭೀರ ನಾದ, ತಬಲಾದ ಡಗ್ಗಾ, ತಂಬೂರಿಯ ಖರ್ಜ ಎಲ್ಲವೂ ಅಲ್ಲಿ ಮಾಯವಾಗಿ ಬರೀ ಟಕಟಕ ಸದ್ದು ಉಳಿಯುತ್ತದೆ. ನಮ್ಮ ಕಿವಿಗೆ ಅತಿ ಚುರುಕಾಗಿ ಕೇಳಿಸುವುದು 2000ದಿಂದ 5000 ಹರ್ಟ್ಸ್‌ನ ನಡುವಿನ ಧ್ವನಿ. ಸನಾದಿ, ಪೇಟಿಯ (ಹಾರ್ಮೋನಿಯಂ) ಮೇಲಿನ ಸ್ವರಗಳು, ಕೊಳಲು, ತಾಳ, ಚೌಡಿಕೆಯ ತಂತಿ, ಎತ್ತರದ ಹೆಣ್ಣುದನಿ ಇವೆಲ್ಲ ಆ ವಲಯದಲ್ಲಿ ಸದ್ದು ಮಾಡುತ್ತವೆ. ಕರಡಿ ಎಂಬ ಚರ್ಮವಾದ್ಯವೂ ಸನಾದಿಯೂ ಕೂಡಿದ ಕರಡಿ ಮಜಲನ್ನು ರಿಂಗ್‌ಟೋನ್ ಮಾಡುವುದಾದರೆ ಕರಡಿ ಮಾತ್ರ ಬಾರಿಸುವ ಭಾಗವನ್ನು ಬಿಟ್ಟು ಸನಾದಿ ಮೇಲೇರುವ ಭಾಗವನ್ನು ಆರಿಸಬೇಕು.

ಆಡಾಸಿಟಿಯಲ್ಲಿ ಹಾಡು ತೆರೆದು, ಮೊದಲ ಸೆಕೆಂಡಿನಲ್ಲೇ ಗುರುತು ಹತ್ತುವಂಥ ಜಾಗದಿಂದ 25-30 ಸೆಕೆಂಡು ಆಯ್ದುಕೊಳ್ಳಿ. ಸಾಲಿನ ನಡುವೆ ಕತ್ತರಿಸಬೇಡಿ, ತಾಳದ ಆವರ್ತ ಮುಗಿಯುವಲ್ಲಿ ಕತ್ತರಿಸಿ. ಟೋನು ಮರಳಿ ಮೊದಲಿನಿಂದ ಶುರುವಾದಾಗ ಎಡವಿದಂತೆ ಕೇಳಿಸಬಾರದು. ಆಯ್ದ ಭಾಗವನ್ನು ಹೊಸ ಕಡತವಾಗಿಸಿ, ಮೋನೋ ಮಾಡಿ, 'ಹೈ-ಪಾಸ್ ಫಿಲ್ಟರ್' ಎಂಬ ಎಫೆಕ್ಟಿನಲ್ಲಿ 300 ಹರ್ಟ್ಸ್ ಕೊಟ್ಟು ತಗ್ಗಿನ ಧ್ವನಿಗಳನ್ನು ತೆಗೆದುಹಾಕಿ, ಕೊನೆಗೆ ಧ್ವನಿಯನ್ನು ಒಡೆಯದಷ್ಟು ಮಟ್ಟಕ್ಕೆ ಎತ್ತರಿಸುವ 'ನಾರ್ಮಲೈಸ್' ಮಾಡಿ. ಸ್ಪೀಕರ್ ಹೇಗೂ ಹೊರಡಿಸಲಾರದ ಧ್ವನಿ ಹೋದದ್ದರಿಂದ ಉಳಿದ ಧ್ವನಿಯನ್ನು ಇನ್ನಷ್ಟು ಎತ್ತರಿಸಲು ಅವಕಾಶ ಸಿಗುತ್ತದೆ, ಕಬ್ಬಿನ ಟ್ರ್ಯಾಕ್ಟರಿನ ಸದ್ದಿನ ನಡುವೆಯೂ ಫೋನು ಕೇಳಿಸುತ್ತದೆ. ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗಗಳ ನಡುವೆ ಕೆಲಸ ಮಾಡುವವರಿಗೆ ಮಾತ್ರ ಯಾವ ರಿಂಗ್‌ಟೋನೂ ಸಾಲದು, ಅವರು ವೈಬ್ರೇಷನ್ನನ್ನೂ ಇಟ್ಟುಕೊಳ್ಳಬೇಕು.

ಸಿದ್ಧವಾದ ಟೋನನ್ನು ಕಾರ್ಡಿಗಿಂತ ಫೋನಿನ ಒಳಮೆಮರಿಗೆ ಹಾಕುವುದು ಮೇಲು. ಕಾರ್ಡಿನಲ್ಲಿದ್ದರೆ ಕಾರ್ಡ್ ತೆಗೆದ ದಿನ ಕಂಪನಿಯ ಹಳೆಯ ಟೋನೇ ಮರಳಿ ಬರುತ್ತದೆ. ಕೆಲವು ಫೋನುಗಳು ರಿಂಗ್‌ಟೋನಿನ ಗಾತ್ರಕ್ಕೆ ಮಿತಿ ಹಾಕಿರುತ್ತವೆ. ಫೋನು ನಿಮ್ಮ ಫೈಲನ್ನು ಒಪ್ಪದಿದ್ದರೆ 64 ಕೆಬಿಪಿಎಸ್‌ಗೆ ಇಳಿಸಿ ನೋಡಿ, ಆಗ 30 ಸೆಕೆಂಡು ಸುಮಾರು 240 ಕೆಬಿಯಾಗುತ್ತದೆ. ಟೋನನ್ನು ಹೊಂದಿಸಲು ಫೈಲಿನ ಮೇಲೆ ನಿಂತು 'ಆಪ್ಷನ್ಸ್' ಒತ್ತಿ 'ಸೆಟ್ ಆ್ಯಸ್' ಅಥವಾ 'ಯೂಸ್ ಆ್ಯಸ್' ಎಂಬುದನ್ನು ಹುಡುಕಿ. ಇಲ್ಲವಾದರೆ 'ಸೆಟ್ಟಿಂಗ್ಸ್', 'ಪ್ರೊಫೈಲ್ಸ್', 'ಜನರಲ್' ಎಂಬ ದಾರಿಯಲ್ಲಿ ಹೋಗಿ. ಜನರಲ್, ಔಟ್‌ಡೋರ್, ಮೀಟಿಂಗ್ ಪ್ರೊಫೈಲುಗಳಿಗೆ ಬೇರೆ ಬೇರೆ ಟೋನು ಇರುವುದರಿಂದ, ಬಳಸುವ ಪ್ರತಿ ಪ್ರೊಫೈಲಿನಲ್ಲೂ ಅದನ್ನು ಹೊಂದಿಸಬೇಕು. ಎರಡು ಸಿಮ್ಮಿನ ಫೋನಾದರೆ ಪ್ರತಿ ಸಿಮ್ಮಿಗೂ ಪ್ರತ್ಯೇಕ. ಮಗಳ ಕರೆಗೆ ಒಂದು, ಡೇರಿಯವರ ಕರೆಗೆ ಇನ್ನೊಂದು ಎಂದು ಟೋನು ಇಡುವ ಸೌಲಭ್ಯ ಸಾಮಾನ್ಯವಾಗಿ ಫೋನಿನಲ್ಲಿ ಉಳಿಸಿದ ಹೆಸರುಗಳಿಗೆ ಮಾತ್ರ ಇರುತ್ತದೆ, ಸಿಮ್ಮಿನಲ್ಲಿರುವ ಹೆಸರುಗಳಿಗೆ ಇರುವುದಿಲ್ಲ; ಮೊದಲು ಆ ಹೆಸರನ್ನು ಫೋನಿಗೆ ನಕಲು ಮಾಡಿಕೊಳ್ಳಿ. ಅಕ್ಷರ ಓದಲಾರದ ಹಿರಿಯರಿಗೆ ಇದರಿಂದ ಆಗುವ ಅನುಕೂಲ ಬಹಳ ದೊಡ್ಡದು, ಪರದೆ ನೋಡದೆಯೇ ಕರೆ ಯಾರದೆಂದು ಅವರಿಗೆ ತಿಳಿಯುತ್ತದೆ.

ನಮಗೆ ಕರೆ ಮಾಡಿದವರ ಕಿವಿಗೆ ಬೀಳುವ ಕಾಲರ್ ಟ್ಯೂನ್ ಇದಲ್ಲ. ಅದು ಸಿಮ್ ಕಂಪನಿಯ ಸೇವೆ. ಆಗಾಗ ಬರುವ ಸಂದೇಶಗಳಿಗೆ ಗುಂಡಿ ಒತ್ತಿಬಿಟ್ಟು ಬ್ಯಾಲೆನ್ಸ್ ಕಳೆದುಕೊಳ್ಳದಂತೆ ಹಿರಿಯರಿಗೆ ತಿಳಿಹೇಳಿ. ಮೆಮರಿ ಕಾರ್ಡುಗಳು ಮುನ್ಸೂಚನೆ ಇಲ್ಲದೆ ಕೆಡುವುದರಿಂದ, ಕ್ಯಾಸೆಟ್ಟಿನಿಂದ ತೆಗೆದ ಮತ್ತು ಮನೆಯಲ್ಲಿ ರೆಕಾರ್ಡ್ ಮಾಡಿದ ಮೂಲ ಫೈಲುಗಳ ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ ಇರಲಿ.