ಕರಾವಳಿಯಿಂದೊಂದು ಕನ್ನಡ ರ‍್ಯಾಪ್ ಆಲ್ಬಮ್: ಬರವಣಿಗೆಯಿಂದ ಕೇಳುಗರವರೆಗೆ

ಕನ್ನಡದಲ್ಲಿ ರ‍್ಯಾಪ್ ಆಲ್ಬಮ್ ಮಾಡಬೇಕೆಂದು ಉಡುಪಿ, ಮಣಿಪಾಲ, ಮಂಗಳೂರು ಕಡೆಯ ಹುಡುಗ ಹುಡುಗಿಯರು ನನ್ನ ಬಳಿ ಬಂದಾಗ ಹೆಚ್ಚಿನವರ ಮೊದಲ ಪ್ರಶ್ನೆ ಯಾವ ಮೈಕ್ ಕೊಳ್ಳಬೇಕು ಎಂಬುದಾಗಿರುತ್ತದೆ. ಉಡುಪಿಯ ನಮ್ಮ ಮನೆಯ ಒಂದು ಕೋಣೆಯಲ್ಲಿ ಹಲವು ವರ್ಷಗಳಿಂದ ಧ್ವನಿಮುದ್ರಣ, ಮಿಕ್ಸಿಂಗ್ (ಮುದ್ರಿಸಿದ ಧ್ವನಿಗಳನ್ನು ಹದವಾಗಿ ಬೆರೆಸುವುದು) ಮಾಡುತ್ತಿರುವ ನಾನು ಆ ಪ್ರಶ್ನೆಯನ್ನು ಬದಿಗಿಟ್ಟು, ಬರೆದದ್ದನ್ನು ಬೀಟ್, ಅಂದರೆ ಹಿನ್ನೆಲೆಯ ವಾದ್ಯಸಂಗೀತ, ಇಲ್ಲದೆ ಒಮ್ಮೆ ಓದಿ ಎನ್ನುತ್ತೇನೆ. ರ‍್ಯಾಪಿನಲ್ಲಿ ಮಾತೇ ವಾದ್ಯ. ಅದರ ಒಂದೊಂದು ಅಕ್ಷರವೂ ಕೇಳುಗರ ಕಿವಿಗೆ ಮುಟ್ಟಬೇಕು ಎಂಬ ಒಂದೇ ಅಳತೆಗೋಲನ್ನು ಕೈಯಲ್ಲಿ ಹಿಡಿದರೆ ಬೀಟಿನ ಆಯ್ಕೆ, ಕೋಣೆಯ ಸಿದ್ಧತೆ, ಮಿಕ್ಸಿಂಗ್, ಬಿಡುಗಡೆ ಎಲ್ಲದರಲ್ಲೂ ದಾರಿ ಸುಲಭವಾಗುತ್ತದೆ. ಈ ಬರಹವೂ ಅದೇ ಅಳತೆಗೋಲನ್ನು ಹಿಡಿದು ಸಾಗುತ್ತದೆ.

ಮಾತ್ರೆ, ಪ್ರಾಸ, ಬಾಯಿಯ ಕನ್ನಡ

ಹಿಪ್ ಹಾಪ್ ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ. 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ಸಂಗೀತ ನುಡಿಸಿದ ಕೂಟವನ್ನು ಅದರ ಆರಂಭವೆಂದು ಗುರುತಿಸುತ್ತಾರೆ. ಅಲ್ಲಿಯ ಇಂಗ್ಲಿಷಿನ ಲಯವು ಪದದ ಯಾವ ಭಾಗವನ್ನು ಒತ್ತಿ ಹೇಳುತ್ತೇವೆ ಎಂಬುದರ ಮೇಲೆ ನಿಂತಿದ್ದರೆ, ಕನ್ನಡದ ಲಯವು ಗುರು, ಲಘುಗಳ ಮೇಲೆ ನಿಂತಿದೆ. ಈ ವ್ಯತ್ಯಾಸವನ್ನು ಗಮನಿಸದೆ ಅಮೆರಿಕದ ರ‍್ಯಾಪರ್ ಒಬ್ಬನ ಓಟವನ್ನು ಹಾಗೆಯೇ ಅನುಸರಿಸಿದರೆ ‘ಕಾಲ’ ಎಂಬುದು ‘ಕಲ’ ಎಂದು ಕೇಳಿಸುತ್ತದೆ, ‘ಕಲ್ಲು’ ಎಂಬುದರ ಒತ್ತಕ್ಷರ ಮಾಯವಾಗುತ್ತದೆ, ಅರ್ಥವೂ ಅದರೊಂದಿಗೆ ಹೋಗುತ್ತದೆ.

ಲೆಕ್ಕ ಬಹಳ ಸರಳ. ಒಂದು ಬಾರ್ ಎಂದರೆ ನಾಲ್ಕು ಬೀಟ್ (ಇಲ್ಲಿ ಬೀಟ್ ಎಂದರೆ ತಾಳದ ಒಂದು ಪೆಟ್ಟು); ಪ್ರತಿ ಬೀಟನ್ನು ನಾಲ್ಕಾಗಿ ಒಡೆದರೆ ಒಂದು ಬಾರಿನಲ್ಲಿ ಹದಿನಾರು ಮಾತ್ರೆ, ಅಂದರೆ ನಾಲ್ಕು ಮಾತ್ರೆಯ ನಾಲ್ಕು ಗಣಗಳು ಕೂರುತ್ತವೆ. ನಿಮಿಷಕ್ಕೆ 90 ಬೀಟಿನ ವೇಗದಲ್ಲಿ ಒಂದು ಬಾರಿಗೆ ಸುಮಾರು 2.7 ಸೆಕೆಂಡು, ರೂಢಿಯ ಹದಿನಾರು ಬಾರಿನ ಒಂದು ಚರಣಕ್ಕೆ ಸುಮಾರು 43 ಸೆಕೆಂಡು ಬೇಕಾಗುತ್ತದೆ. ಬೀಟನ್ನು ನಾಲ್ಕರ ಬದಲು ಮೂರಾಗಿ ಒಡೆದರೆ ಮೂರು ಮಾತ್ರೆಯ ಗಣಗಳು ಓಡುತ್ತವೆ. ತರಗತಿಗಳಲ್ಲಿ ತೋರಿಸುವುದಕ್ಕೆಂದು ನಾನೇ ಕಟ್ಟಿಕೊಂಡ ಎರಡು ಸಾಲು ಹೀಗಿವೆ:

ಕಡಲ ಮೊರೆಗೆ ಕಿವಿಯ ಕೊಟ್ಟು ಬೆಳೆದ ಹುಡುಗ ನಾನು
ಬಿಡದ ಮಳೆಗೆ ಬೆನ್ನು ಕೊಟ್ಟು ಬಲೆಗೆ ಸಿಗದ ಮೀನು

ಪ್ರತಿ ಸಾಲಿನಲ್ಲಿ ಮೂರು ಮಾತ್ರೆಯ ಏಳು ಗಣಗಳಿವೆ. ಎಂಟನೆಯ ಗಣದ ಜಾಗ ಉಸಿರಿಗೆ. ಹೀಗೆ ಎಂಟು ಬೀಟು, ಸರಿಯಾಗಿ ಎರಡು ಬಾರು ತುಂಬುತ್ತವೆ. ಉಸಿರಿಗೆ ಜಾಗ ಬಿಡದೆ ಬರೆದ ಚರಣವನ್ನು ಸ್ಟುಡಿಯೋದಲ್ಲಿ ತುಂಡು ತುಂಡಾಗಿ ಮುದ್ರಿಸಿ ಜೋಡಿಸಬಹುದು, ಆದರೆ ವೇದಿಕೆಯ ಮೇಲೆ ಅದು ಕೈಕೊಡುತ್ತದೆ. ಲಲಿತ ರಗಳೆಯ ಐದು ಮಾತ್ರೆಯ ಗಣವನ್ನು ಅಥವಾ ಭಾಮಿನಿ ಷಟ್ಪದಿಯ ಮೂರು ಮತ್ತು ನಾಲ್ಕರ ನಡೆಯನ್ನು ನಾಲ್ಕು ಬೀಟಿನ ಚಕ್ರದ ಮೇಲೆ ಹರಿಯಬಿಟ್ಟರೆ ಒತ್ತು ಬೀಟಿನಿಂದ ಜಾರುತ್ತಾ, ಮತ್ತೆ ಬಂದು ಕೂಡುತ್ತಾ ಹೋಗುತ್ತದೆ. ತ್ರಿವುಡೆ ತಾಳದ ಏಳು ಮಾತ್ರೆಗೆ ಕಿವಿಗೊಟ್ಟು ಬೆಳೆದ ಕರಾವಳಿಯವರಿಗೆ ಈ ಜಾರಾಟ ಹೊಸತಲ್ಲ. ಇಡೀ ಚರಣವನ್ನು ಹೀಗೆ ನಡೆಸಬೇಡಿ, ನಾಲ್ಕಾರು ಬಾರು ಸಾಕು.

ಪ್ರಾಸದ ವಿಷಯದಲ್ಲಿ ಕನ್ನಡಕ್ಕೆ ಒಂದು ಅಪಾಯವಿದೆ. ನಮ್ಮ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ‘ಬರುತ್ತೇನೆ, ಇರುತ್ತೇನೆ, ಹೋಗುತ್ತೇನೆ’ ಎಂಬ ಸಾಲುಗಳಿಗೆ ಅಂತ್ಯಪ್ರಾಸ ತಾನಾಗಿ ಸಿಗುತ್ತದೆ, ಮತ್ತು ಸುಲಭವಾಗಿ ಸಿಕ್ಕಿದ್ದು ಎರಡೇ ಹಾಡಿನಲ್ಲಿ ಬೇಸರ ತರಿಸುತ್ತದೆ. ಪ್ರಾಸ ಪ್ರತ್ಯಯದಲ್ಲಿ ಮಾತ್ರವಲ್ಲದೆ ಪದದ ಬುಡದಲ್ಲಿಯೂ ಬೀಳುವಂತೆ ಸಾಲನ್ನು ತಿರುಗಿಸಿ ಬರೆಯಿರಿ. ಮೇಲಿನ ಸಾಲುಗಳಲ್ಲಿ ‘ಕಡಲ’, ‘ಬಿಡದ’ ಎಂಬಲ್ಲಿ ಎರಡನೆಯ ಅಕ್ಷರ ‘ಡ’ ಆಗಿರುವುದನ್ನು ಗಮನಿಸಿ. ಹಳೆಯ ಕವಿಗಳು ಕಡ್ಡಾಯವಾಗಿ ಪಾಲಿಸಿದ ಆದಿಪ್ರಾಸ ಇದುವೇ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಈ ಪ್ರಾಸವನ್ನು ಕೈಬಿಟ್ಟು ಹೊಸಗನ್ನಡ ಕವಿತೆಗೆ ಬಿಡುಗಡೆ ಕೊಟ್ಟರು. ಅವರು ಕಳಚಿದ ಕಟ್ಟನ್ನು ನೀವು ಮತ್ತೆ ಕಟ್ಟಿಕೊಳ್ಳಬೇಕಾಗಿಲ್ಲ. ಆದರೆ ಸಾಲಿನ ತಲೆಯಲ್ಲಿಯೂ ಕಾಲಿನಲ್ಲಿಯೂ ಪ್ರಾಸ ಬಿದ್ದಾಗ ಡ್ರಮ್ಮಿನ ಪೆಟ್ಟು ಅಕ್ಷರದಿಂದಲೇ ಕೇಳಿಬರುವ ಸುಖವನ್ನು ಒಮ್ಮೆ ಅನುಭವಿಸಿ ನೋಡಿ.

ಯಾವ ಕನ್ನಡ ಎಂಬುದು ಇನ್ನೊಂದು ಪ್ರಶ್ನೆ. ‘ಮಾಡುತ್ತಿದ್ದೇನೆ’ ಎಂಬುದಕ್ಕೆ ಒಂಬತ್ತು ಮಾತ್ರೆ. ನಾವು ಆಡುವ ‘ಮಾಡ್ತಿದ್ದೇನೆ’ ಎಂಬುದಕ್ಕೆ ಏಳೇ. ಬೆಂಗಳೂರಿನ ಹಾಡುಗಳನ್ನು ಕೇಳಿ ಕೇಳಿ ‘ಮಾಡ್ತಿದೀನಿ’ ಎಂದು ಬರೆಯುವವರು ಮಾತನಾಡುವಾಗ ಹಾಗೆ ಮಾತನಾಡುವುದಿಲ್ಲ, ಮತ್ತು ಆ ಹುಸಿತನವು ಮೈಕಿನ ಮುಂದೆ ಕೂಡಲೇ ಗೊತ್ತಾಗುತ್ತದೆ. ಕುಂದಾಪುರದವರು ಕುಂದಗನ್ನಡದಲ್ಲಿಯೇ ಬರೆಯಲಿ. ಮನೆಮಾತು ತುಳು, ಕೊಂಕಣಿ, ಬ್ಯಾರಿ ಆಗಿರುವವರು ಅದರ ಒಂದು ಸಾಲನ್ನು ಪಲ್ಲವಿಗೆ ತರಲಿ. ಪ್ರತಿ ಸಾಲಿಗೂ ಒಂದು ‘ಮಾರಾಯ’ ಸೇರಿಸಿದ ಮಾತ್ರಕ್ಕೆ ಊರಿನ ಸೊಗಡು ಬರುವುದಿಲ್ಲ.

ಇದೆಲ್ಲವನ್ನು ಕಲಿಯಲು ಮಳೆಗಾಲದ ಒಂದು ತಾಳಮದ್ದಳೆಗೆ (ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ) ಹೋಗಿ ಕುಳಿತುಕೊಳ್ಳಿ. ವೇಷವಿಲ್ಲದೆ, ಬರೆದಿಟ್ಟ ಮಾತಿಲ್ಲದೆ, ಎದುರಾಳಿಯ ವಾದವನ್ನು ಅವನ ಮಾತಿನಿಂದಲೇ ಹಿಡಿದು ತಿರುಗಿಸುವ ಅರ್ಥಧಾರಿಗಳ ಎದುರು ಫ್ರೀಸ್ಟೈಲ್, ಅಂದರೆ ನಿಂತಲ್ಲೇ ಸಾಲು ಕಟ್ಟಿ ಹೇಳುವುದನ್ನು, ಕಲಿಯುವವರಿಗೆ ಸಿಗುವ ಪಾಠ ಬೇರೆಲ್ಲಿಯೂ ಸಿಗದು ಎಂದು ನಾನು ನಂಬಿದ್ದೇನೆ.

ಮೊದಲ ಆಲ್ಬಮ್ಮಿಗೆ ಎಂಟು ಹಾಡು, ಅರ್ಧ ಗಂಟೆ ಸಾಕು. ಹದಿನೈದು ಬರೆದು ಎಂಟನ್ನು ಉಳಿಸಿಕೊಳ್ಳುವುದು ಒಳ್ಳೆಯದು. ಒಂದು ಹಾಡು ಇಲ್ಲದಿದ್ದರೂ ಆಲ್ಬಮ್ ಹಾಗೆಯೇ ನಿಲ್ಲುವುದಾದರೆ ಆ ಹಾಡನ್ನು ತೆಗೆದುಬಿಡಿ.

ಬೀಟು ಮತ್ತು ಅನುಮತಿ

ಬೀಟನ್ನು ಗೆಳೆಯರು ಮಾಡಿಕೊಟ್ಟರೂ ಪತ್ರ ಬೇಕು. ಅಂತರ್ಜಾಲದಲ್ಲಿ ಕೊಳ್ಳುವುದಾದರೆ ಅದು ನಿಮಗೊಬ್ಬರಿಗೇ ಸಿಗುವ ಹಕ್ಕೋ, ಹಲವರಿಗೆ ಕೊಡುವ ಬಾಡಿಗೆಯ ಹಕ್ಕೋ ಎಂದು ನೋಡಿಕೊಳ್ಳಿ. ಬಾಡಿಗೆಯ ಬೀಟಾದರೆ ಅದೇ ಬೀಟಿನ ಮೇಲೆ ಇನ್ನೂ ಹತ್ತು ಜನ ಹಾಡಿರುತ್ತಾರೆ, ಆದ್ದರಿಂದ ಹಾಡಿನ ಒಡೆಯರನ್ನು ಗುರುತಿಸುವ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆಗೆ ಆ ಹಾಡನ್ನು ನಿಮ್ಮದೆಂದು ಕೊಡುವಂತಿಲ್ಲ. ಡ್ರಮ್, ಬೇಸ್, ರಾಗದ ಭಾಗಗಳನ್ನು ಬೇರೆ ಬೇರೆ ಫೈಲುಗಳಾಗಿ ಕೇಳಿ ಪಡೆಯಿರಿ. ಮಾತಿಗೆ ಜಾಗ ಮಾಡಬೇಕಾದಾಗ ಅವಿಲ್ಲದೆ ಏನೂ ಮಾಡಲಾಗದು.

ಹಳೆಯ ಹಾಡೊಂದರ ತುಣುಕನ್ನು ಸ್ಯಾಂಪಲ್ ಮಾಡುವುದಾದರೆ, ಅಂದರೆ ಕತ್ತರಿಸಿ ಬೀಟಿನಲ್ಲಿ ಬಳಸುವುದಾದರೆ, ಎರಡು ಅನುಮತಿಗಳು ಬೇಕಾಗುತ್ತವೆ: ಧ್ವನಿಮುದ್ರಣದ ಒಡೆಯರದು ಒಂದು, ಸಾಹಿತ್ಯ ಮತ್ತು ರಾಗಸಂಯೋಜನೆಯ ಒಡೆಯರದು ಇನ್ನೊಂದು. ಕೆಲವೇ ಸೆಕೆಂಡಾದರೆ ತೊಂದರೆಯಿಲ್ಲ ಎಂಬ ಮಾತು ಕಾನೂನಿನಲ್ಲಿಲ್ಲ. ಅದಕ್ಕಿಂತ ನಮ್ಮ ಊರಿನ ನಾದವನ್ನು ನಾವೇ ಮುದ್ರಿಸಿಕೊಳ್ಳುವುದು ಮೇಲು. ನವರಾತ್ರಿಯಲ್ಲಿ ಮಂಗಳೂರಿನಲ್ಲೂ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯಂದು ಉಡುಪಿಯಲ್ಲೂ ಹುಲಿವೇಷದ ತಾಸೆ, ಡೋಲು ಬೀದಿಬೀದಿಯಲ್ಲಿ ಕೇಳುತ್ತದೆ. ಆದರೆ ಜನರ ಗದ್ದಲದ ನಡುವೆ ಮೊಬೈಲಿನಲ್ಲಿ ಹಿಡಿದದ್ದು ಬೀಟಿಗೆ ಬಾರದು. ಹಬ್ಬ ಮುಗಿದ ಮೇಲೆ ತಂಡದವರನ್ನು ಕಂಡು, ಸಂಭಾವನೆ ಮಾತನಾಡಿ, ಅವರ ಹೆಸರನ್ನು ಆಲ್ಬಮ್ಮಿನಲ್ಲಿ ಹಾಕುವುದಾಗಿ ಬರೆದುಕೊಟ್ಟು, ತೆರೆದ ಬಯಲಿನಲ್ಲಿ ಮೂರು ನಾಲ್ಕು ಮೀಟರ್ ದೂರದಲ್ಲಿ ಮೈಕ್ ನಿಲ್ಲಿಸಿ ಮುದ್ರಿಸಿ. ಚೆಂಡೆಗೂ ಇದೇ ಕ್ರಮ. ಭೂತಾರಾಧನೆಯ ಪಾಡ್ದನ, ನುಡಿಗಟ್ಟುಗಳನ್ನು ಮಾತ್ರ ಬೀಟಿಗಾಗಿ ಕತ್ತರಿಸಬೇಡಿ. ಅವು ನಂಬಿದವರ ಪಾಲಿಗೆ ಹಾಡಲ್ಲ, ದೈವದ ಸನ್ನಿಧಿಯ ಮಾತು.

ಮುದ್ರಣ

ನನ್ನ ಮೊದಲ ಕೆಲಸದಲ್ಲಿ ನಾನು ಜೂನ್ ತಿಂಗಳಿನಲ್ಲಿ ಧ್ವನಿ ಮುದ್ರಿಸಲು ಹೊರಟು, ಹೆಂಚಿನ ಮಾಡಿನ ಮೇಲೆ ಬಿದ್ದ ಮಳೆಯ ಸದ್ದು ಪ್ರತಿ ಟೇಕಿನಲ್ಲೂ ಸೇರಿ, ಹನ್ನೊಂದು ದಿನದ ದುಡಿಮೆಯನ್ನು ಅಳಿಸಬೇಕಾಯಿತು. ಅಂದಿನಿಂದ ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು) ಬರವಣಿಗೆ, ನವರಾತ್ರಿ ಕಳೆದ ಮೇಲೆ ಮುದ್ರಣ, ಕಾಲೇಜುಗಳ ಉತ್ಸವಗಳಿಗೆ ಮುನ್ನ ಬಿಡುಗಡೆ ಎಂಬ ಕ್ರಮವನ್ನು ಇಟ್ಟುಕೊಂಡಿದ್ದೇನೆ.

ಕೋಣೆ ಚಿಕ್ಕದಿರಲಿ, ಅದರಲ್ಲಿ ಬಟ್ಟೆ ತುಂಬಿದ ಕಪಾಟು, ಹಾಸಿಗೆ, ದಪ್ಪ ಕಂಬಳಿಗಳಿರಲಿ. ಬೆನ್ನ ಹಿಂದೆ ಕಂಬಳಿ ತೂಗುಹಾಕುವುದು ಎದುರಿಗೆ ಹಾಕುವುದಕ್ಕಿಂತ ಮುಖ್ಯ, ಏಕೆಂದರೆ ಮೈಕ್ ನೋಡುತ್ತಿರುವುದು ಆ ಗೋಡೆಯನ್ನೇ. ಇಂತಹ ಕೋಣೆಗೆ ಕಂಡೆನ್ಸರ್ ಮೈಕಿಗಿಂತ ಡೈನಾಮಿಕ್ ಮೈಕ್ ಹೊಂದುತ್ತದೆ. ಅದು ಸುತ್ತಲಿನ ಸದ್ದನ್ನು ಕಡಿಮೆ ಹಿಡಿಯುತ್ತದೆ, ಕರಾವಳಿಯ ತೇವವನ್ನೂ ತಾಳುತ್ತದೆ. ಕಂಡೆನ್ಸರ್ ಇದ್ದರೆ ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಫ್ಯಾನ್ ನಿಲ್ಲಿಸಲೇಬೇಕಾದ್ದರಿಂದ ಬೆಳಗಿನ ಜಾವದ ಹೊತ್ತು ಒಳ್ಳೆಯದು. ಬಾಯಿಗೂ ಮೈಕಿಗೂ ನಡುವೆ ಒಂದು ಗೇಣು ಅಂತರ, ನಡುವೆ ಉಸಿರಿನ ಪೆಟ್ಟನ್ನು ತಡೆಯುವ ಪಾಪ್ ಫಿಲ್ಟರ್ ಇರಲಿ. 24 ಬಿಟ್, 48 ಕಿಲೊಹರ್ಟ್ಸಿನಲ್ಲಿ ಮುದ್ರಿಸಿ, ಅತ್ಯಂತ ಜೋರಾದ ಪದವೂ ಮೈನಸ್ 6 ಡೆಸಿಬಲ್ ದಾಟದಂತೆ ನೋಡಿಕೊಳ್ಳಿ.

ಒಂದು ಚರಣವನ್ನು ಉಸಿರಿನ ಗುರುತುಗಳೊಂದಿಗೆ ಕಾಗದದಲ್ಲಿ ಬರೆದುಕೊಂಡು, ಮೊದಲಿನಿಂದ ಕೊನೆಯವರೆಗೆ ತಡೆಯಿಲ್ಲದೆ ಕನಿಷ್ಠ ಐದು ಸಲ ಹೇಳಿ. ಆಮೇಲೆ ಪ್ರಾಸದ ಪದಗಳ ಮೇಲೆ ಮಾತ್ರ ಎರಡನೆಯ ಧ್ವನಿಯನ್ನು ಸೇರಿಸಿ. ನಂತರ ಒಂದು ಪರೀಕ್ಷೆ ಮಾಡಿ: ಸಾಹಿತ್ಯವನ್ನು ಓದದ ಒಬ್ಬರಿಗೆ ಕೇಳಿಸಿ, ಕೇಳಿದ್ದನ್ನು ಬರೆಯಲು ಹೇಳಿ. ಅವರು ತಪ್ಪಾಗಿ ಬರೆದ ಪದಗಳನ್ನಷ್ಟೇ ಮರಳಿ ಮುದ್ರಿಸಿದರೆ ಸಾಕು. ನಾನು ನೋಡಿದಂತೆ ಈ ತಪ್ಪುಗಳು ಹೆಚ್ಚಾಗಿ ಒತ್ತಕ್ಷರಗಳಲ್ಲಿ ಮತ್ತು ಸಾಲಿನ ಕೊನೆಯ ‘ಉ’ ಸ್ವರದಲ್ಲಿ ಬರುತ್ತವೆ.

ಮಿಕ್ಸಿಂಗಿನಲ್ಲಿ ವಾದ್ಯಗಳ 1ರಿಂದ 4 ಕಿಲೊಹರ್ಟ್ಸಿನ ನಡುವಿನ ಭಾಗವನ್ನು ಸ್ವಲ್ಪ ತಗ್ಗಿಸಿದರೆ ವ್ಯಂಜನಗಳು ಮೇಲೆದ್ದು ಬರುತ್ತವೆ. ಹೆಚ್ಚಿನವರು ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೇಳುತ್ತಾರೆ, ಅದರಲ್ಲಿ ಆಳದ ಬೇಸ್ ಕೇಳುವುದೇ ಇಲ್ಲ. ಆದ್ದರಿಂದ ಬೇಸನ್ನು ಹಿಡಿದುಕೊಂಡೇ ಲಯ ನಿಲ್ಲುವಂತೆ ಹಾಡು ಕಟ್ಟಬೇಡಿ. ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಒಮ್ಮೆ ಕೇಳುತ್ತಾ ಹೋಗಿ: ಆ ಗದ್ದಲದಲ್ಲೂ ಮಾತು ತಿಳಿದರೆ ಮಿಕ್ಸ್ ಸರಿಯಿದೆ. ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ತಂದು ನುಡಿಸುವುದರಿಂದ ಮಾಸ್ಟರಿಂಗಿನಲ್ಲಿ, ಅಂದರೆ ಮಿಕ್ಸ್ ಆದ ಹಾಡನ್ನು ಕೊನೆಯದಾಗಿ ಹದಗೊಳಿಸುವಾಗ, ಸದ್ದನ್ನು ಹಿಂಡಿ ಹಿಂಡಿ ಏರಿಸಿದರೆ ಲಾಭವಿಲ್ಲ.

ಕಾಗದಪತ್ರ, ಬಿಡುಗಡೆ

ಬಿಡುಗಡೆಗೆ ಮೊದಲೇ ಒಂದು ಹಾಳೆಯಲ್ಲಿ ಪ್ರತಿ ಹಾಡಿನ ಸಾಹಿತ್ಯ, ಸಂಯೋಜನೆ ಯಾರದು, ಯಾರ ಪಾಲು ಶೇಕಡ ಎಷ್ಟು ಎಂದು ಬರೆದು ಎಲ್ಲರೂ ಸಹಿ ಹಾಕಿ. ಹಾಡು ಗೆದ್ದ ಮೇಲೆ ಈ ಮಾತುಕತೆ ಆಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಗೀತರಚನಕಾರರಿಗೂ ಸಂಯೋಜಕರಿಗೂ ರಾಯಧನದ ಪಾಲನ್ನು ಕಾಯ್ದಿಟ್ಟಿದೆ; ಅದನ್ನು ಪಡೆಯಲು ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯ ಸದಸ್ಯತ್ವ ಪಡೆದು ಹಾಡುಗಳನ್ನು ದಾಖಲಿಸಬೇಕು. ಹಾಡನ್ನು ಸ್ಪಾಟಿಫೈಯಂತಹ ಕಡೆಗಳಿಗೆ ತಲುಪಿಸುವ ವಿತರಕ ಸಂಸ್ಥೆಗೆ ಕನಿಷ್ಠ ನಾಲ್ಕು ವಾರ ಮೊದಲೇ ಫೈಲುಗಳನ್ನು ಕೊಡಿ. ಪ್ರತಿ ಹಾಡಿಗೆ ಹನ್ನೆರಡು ಅಕ್ಷರಾಂಕಗಳ ಐಎಸ್‌ಆರ್‌ಸಿ ಸಂಖ್ಯೆ, ಅಂದರೆ ಆ ಧ್ವನಿಮುದ್ರಣದ ಗುರುತಿನ ಸಂಖ್ಯೆ, ಅವರಿಂದಲೇ ಸಿಗುತ್ತದೆ. ಭಾಷೆಯ ಜಾಗದಲ್ಲಿ ಕನ್ನಡ ಎಂದೇ ತುಂಬಿ, ಹಾಡಿನ ಹೆಸರಿನ ಕಾಗುಣಿತವನ್ನು ಎಲ್ಲ ಕಡೆ ಒಂದೇ ರೀತಿ ಇಡಿ. ಸ್ಪಾಟಿಫೈ ಸಂಪಾದಕರಿಗೆ ಹಾಡನ್ನು ಸೂಚಿಸುವುದಿದ್ದರೆ ಬಿಡುಗಡೆಗೆ ಏಳು ದಿನ ಮೊದಲೇ ಆಗಬೇಕು. ಅಲ್ಲಿ ವರ್ಷದಲ್ಲಿ ಸಾವಿರ ಸಲ ಕೇಳಲ್ಪಡದ ಹಾಡಿಗೆ 2024ರಿಂದ ರಾಯಧನ ಬರುವುದಿಲ್ಲ ಎಂಬುದನ್ನೂ ತಿಳಿದಿರಿ. ಎಂಟೂ ಹಾಡುಗಳನ್ನು ಒಂದೇ ದಿನ ಬಿಡುವ ಬದಲು ಎರಡನ್ನು ಮೂರು ವಾರಗಳ ಅಂತರದಲ್ಲಿ ಮೊದಲು ಬಿಟ್ಟು, ಆಮೇಲೆ ಆಲ್ಬಮ್ ಹೊರತರಬಹುದು. ಎಲ್ಲ ಹಾಡುಗಳ ಸಾಹಿತ್ಯವನ್ನೂ ಕನ್ನಡ ಲಿಪಿಯಲ್ಲಿ ತೆರೆಯ ಮೇಲೆ ತೋರಿಸಿ.

ಕೇಳುಗರ ನಡುವೆ

ವಿತರಕರಿಗೆ ಫೈಲುಗಳನ್ನು ಕೊಡುವ ಮೊದಲು ಹತ್ತು ಜನರನ್ನು ಮನೆಯ ಚಾವಡಿಗೆ ಕರೆದು ಆಲ್ಬಮ್ಮನ್ನು ಪೂರ್ತಿ ಕೇಳಿಸಿ. ಅವರಲ್ಲಿ ಅರ್ಧ ಜನ ಹಿಪ್ ಹಾಪ್ ಕೇಳದವರಾಗಿರಲಿ: ಒಬ್ಬರು ಕನ್ನಡ ಅಧ್ಯಾಪಕರು, ಒಬ್ಬರು ಯಕ್ಷಗಾನದ ಹುಚ್ಚಿರುವವರು, ಮನೆಯ ಹಿರಿಯರು. ಹೇಗಿದೆ ಎಂದು ಕೇಳಬೇಡಿ, ಎಲ್ಲರೂ ಲಾಯ್ಕ ಉಂಟು ಎನ್ನುತ್ತಾರೆ. ಚಹಾ ಕುಡಿದಾದ ಮೇಲೆ, ಯಾವ ಸಾಲು ನೆನಪಿದೆ ಎಂದು ಕೇಳಿ. ಒಮ್ಮೆ ನಾವು ಬಹಳ ಶ್ರಮವಹಿಸಿದ ವೇಗದ ಚರಣದ ಒಂದು ಸಾಲೂ ಯಾರ ಬಾಯಲ್ಲೂ ಬರಲಿಲ್ಲ. ಮೀನು ಮಾರುವ ತಾಯಿಯ ಬಗ್ಗೆ ನಿಧಾನವಾಗಿ ಹೇಳಿದ ನಾಲ್ಕು ಸಾಲನ್ನು ಎಪ್ಪತ್ತು ದಾಟಿದ ದೊಡ್ಡಮ್ಮ ಒಬ್ಬರು ತಡವರಿಸದೆ ಒಪ್ಪಿಸಿದರು. ಹಾಡುಗಳ ಕ್ರಮವನ್ನು ಆ ರಾತ್ರಿಯೇ ಬದಲಿಸಿ ಅದನ್ನು ಮೊದಲಿಗೆ ತಂದೆವು.

ಪತ್ರಿಕೆಗಳಿಗೂ ಮಂಗಳೂರು ಆಕಾಶವಾಣಿಗೂ ಒಂದು ಪುಟದ ಕನ್ನಡ ಟಿಪ್ಪಣಿ ಕಳುಹಿಸಿ. ಅದರಲ್ಲಿ ಹೊಗಳಿಕೆ ಬೇಡ, ಹಾಡುಗಳು ಯಾವುದರ ಬಗ್ಗೆ ಇವೆ ಎಂಬುದಿರಲಿ. ಬಿಡುಗಡೆಯ ಕಾರ್ಯಕ್ರಮವನ್ನು ತೆರೆದ ಬಯಲಿನಲ್ಲಿ ನಡೆಸುವುದಾದರೆ ಪೊಲೀಸ್ ಅನುಮತಿ ಬೇಕು, ಮತ್ತು ರಾತ್ರಿ ಹತ್ತರ ಬಳಿಕ ಧ್ವನಿವರ್ಧಕ ಬಳಸುವಂತಿಲ್ಲ. ಸಂಜೆ ಆರಕ್ಕೆ ಶುರುಮಾಡಿದರೆ ಮನೆಮಂದಿಯೆಲ್ಲ ಬರುತ್ತಾರೆ.

ಬಿಡುಗಡೆಯ ನಂತರ ಒಟ್ಟು ಕೇಳಿಕೆಯ ಸಂಖ್ಯೆಯನ್ನು ದಿನಕ್ಕೆ ಹತ್ತು ಸಲ ನೋಡುವುದರಿಂದ ಏನೂ ತಿಳಿಯದು. ಯಾವ ಹಾಡನ್ನು ಜನ ಉಳಿಸಿಕೊಂಡಿದ್ದಾರೆ, ಯೂಟ್ಯೂಬಿನಲ್ಲಿ ಯಾವ ಸೆಕೆಂಡಿನಲ್ಲಿ ಬಿಟ್ಟುಹೋಗಿದ್ದಾರೆ, ಯಾವ ಊರಿನಲ್ಲಿ ಕೇಳುತ್ತಿದ್ದಾರೆ ಎಂಬ ಮೂರು ವಿವರಗಳನ್ನು ವಾರಕ್ಕೊಮ್ಮೆ ಬರೆದಿಡಿ. ನಮ್ಮ ಆಲ್ಬಮ್ಮುಗಳಿಗೆ ಊರಿನಷ್ಟೇ ಕೇಳುಗರು ಮುಂಬಯಿಯಲ್ಲೂ ಕೊಲ್ಲಿ ರಾಷ್ಟ್ರಗಳಲ್ಲೂ ಸಿಕ್ಕಿದ್ದಾರೆ. ಅವರು ಬರೆಯುವ ಪತ್ರಗಳಲ್ಲಿ ಹೆಚ್ಚಿನವು ಸಂಗೀತದ ಬಗ್ಗೆ ಅಲ್ಲ, ಮನೆಯಲ್ಲಿ ಮಾತ್ರ ಕೇಳುತ್ತಿದ್ದ ಯಾವುದೋ ಒಂದು ಪದದ ಬಗ್ಗೆ ಇರುತ್ತವೆ. ಇದು ಸಂಗೀತವೇ ಅಲ್ಲ, ಬರೀ ಮಾತು ಎಂದು ಬರೆಯುವವರೂ ಇರುತ್ತಾರೆ. ಅವರಿಗೆ ವಾದದ ಉತ್ತರ ಕೊಡದೆ, ಯಾವ ಮಾತು ಕೇಳಿಸಿತು ಎಂದು ಗೌರವದಿಂದ ಕೇಳಿ. ನನಗೆ ಹಾಗೆ ಬರೆದ ಹಿರಿಯರೊಬ್ಬರು ಮರುದಿನ ಒಂದು ಸಾಲಿನ ಛಂದಸ್ಸು ತಪ್ಪಿದ್ದನ್ನು ತೋರಿಸಿ, ಮಾತ್ರೆ ಎಣಿಸಿ ತಿದ್ದಿ ಕಳುಹಿಸಿದರು, ಮತ್ತು ಈಗ ಆ ಹಾಡನ್ನು ವೇದಿಕೆಯಲ್ಲಿ ಅವರು ತಿದ್ದಿದಂತೆಯೇ ಹೇಳುತ್ತೇವೆ.