ಕನ್ನಡದ ಪದಪರೀಕ್ಷಕಕ್ಕೆ ಸ್ವಯಂಸೇವಕರನ್ನು ಕೂಡಿಸಿದ ಬಗೆ

ಲಿಬ್ರೆಆಫೀಸ್, ಫೈರ್‌ಫಾಕ್ಸ್ ಮುಂತಾದವುಗಳಲ್ಲಿ ತಪ್ಪು ಪದವನ್ನು ಗುರುತಿಸಿ ಕೊಡುವುದು ಹನ್‌ಸ್ಪೆಲ್ ಎಂಬ ಮುಕ್ತ ತಂತ್ರಾಂಶ. ಮೊದಲಿಗೆ ಹಂಗೇರಿಯನ್ ಭಾಷೆಗಾಗಿ ರೂಪುಗೊಂಡ ಇದು, ಪ್ರತ್ಯಯದ ಮೇಲೆ ಪ್ರತ್ಯಯ ಹತ್ತುವ ಕನ್ನಡಕ್ಕೂ ಒಗ್ಗುತ್ತದೆ. ಅದಕ್ಕೆ ಎರಡು ಕಡತಗಳು ಬೇಕು: ಒಂದರಲ್ಲಿ ಪದಪಟ್ಟಿ, ಇನ್ನೊಂದರಲ್ಲಿ ಪ್ರತ್ಯಯ ಸೇರುವ ನಿಯಮಗಳು. ಗೆಳೆಯರೊಡನೆ ಇಂತಹದೊಂದು ಪದಪಟ್ಟಿಯನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ನಿಯಮ ಬರೆಯಲು ಪ್ರೋಗ್ರಾಮರುಗಳು ಸುಲಭವಾಗಿ ಸಿಕ್ಕರು. ಪದಗಳನ್ನು ವಿಂಗಡಿಸಲು ಕನ್ನಡವನ್ನು ಚೆನ್ನಾಗಿ ಬಲ್ಲವರು ಬೇಕಿತ್ತು. ಅವರಲ್ಲಿ ಹೆಚ್ಚಿನವರು, ಕಡತಗಳಲ್ಲಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಎಂಬ ತಂತ್ರಾಂಶದ ಹೆಸರನ್ನೂ ಕೇಳಿರಲಿಲ್ಲ.

ಅವರ ಅಗತ್ಯ ಎಷ್ಟೆಂಬುದಕ್ಕೆ ಒಂದು ಉದಾಹರಣೆ ಸಾಕು. ‘ಊರು’, ‘ಗುರು’ ಎರಡೂ ಕಂಪ್ಯೂಟರಿಗೆ ‘ರು’ ಎಂದು ಮುಗಿಯುವ ಪದಗಳೇ. ಆದರೆ ಒಂದು ‘ಊರಿನಲ್ಲಿ’ ಎಂದಾದರೆ ಇನ್ನೊಂದು ‘ಗುರುವಿನಲ್ಲಿ’ ಎಂದಾಗುತ್ತದೆ. ‘ಕಾರು’ ಮೊದಲನೆಯದರ ಜಾಡು ಹಿಡಿಯುತ್ತದೆ, ‘ಮೇರು’ ಎರಡನೆಯದರದು. ಪದದ ನಂತರ ಓರೆಗೆರೆ ಎಳೆದು ಅದು ಸೇರುವ ಗುಂಪಿನ ಸಂಕೇತಾಕ್ಷರ ಬರೆಯಿರಿ ಎಂದು ಕೇಳಿದರೆ ಯಾರೂ ಹತ್ತಿರ ಸುಳಿಯುವುದಿಲ್ಲ. ಆದ್ದರಿಂದ ಒಂದು ಸ್ಪ್ರೆಡ್‌ಶೀಟ್ ಮಾಡಿ, ಪ್ರತಿ ಪದದ ಎದುರಿಗೆ ‘ಇದು ಮರದ ಹಾಗೋ, ಮನೆಯ ಹಾಗೋ, ಊರಿನ ಹಾಗೋ, ಗುರುವಿನ ಹಾಗೋ?’ ಎಂಬ ಒಂದೇ ಪ್ರಶ್ನೆಯನ್ನು ಇಟ್ಟೆವು. ಉತ್ತರವನ್ನು ಸಂಕೇತಾಕ್ಷರಕ್ಕೆ ತಿರುಗಿಸುವ ಕೆಲಸವನ್ನು ಸ್ಕ್ರಿಪ್ಟಿಗೆ (ಒಂದು ಸಣ್ಣ ಪ್ರೋಗ್ರಾಮಿಗೆ) ಬಿಟ್ಟೆವು. ನಿವೃತ್ತ ಕನ್ನಡ ಮೇಷ್ಟರೊಬ್ಬರು ಕಾಫಿ ಮುಗಿಯುವುದರೊಳಗೆ ಒಂದು ಪುಟ ಮುಗಿಸಿ, ‘ಇಷ್ಟೇನಾ?’ ಎಂದು ಕೇಳಿದರು.

ಬಂದವರು ಉಳಿಯುವುದು ಬೇರೆ ಮಾತು. ‘ಕಾರ್ಯ’ ಎಂಬ ಪದವನ್ನು ಅರ್ಕಾವತ್ತಿನಲ್ಲಿಯೂ, ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರವನ್ನು ನಡುವೆ ಸೇರಿಸಿ ‘ಕಾರ‍್ಯ’ ಎಂದೂ ಟೈಪ್ ಮಾಡಬಹುದು. ಹನ್‌ಸ್ಪೆಲ್‌ಗೆ ಅವೆರಡೂ ಬೇರೆ ಬೇರೆ ಪದಗಳು. ಇಂತಹ ಸಾಲನ್ನು ನಮ್ಮ ಸ್ಕ್ರಿಪ್ಟು ತಿರಸ್ಕರಿಸುವಾಗ ಕೊಡುತ್ತಿದ್ದ ಇಂಗ್ಲಿಷ್ ಸಂದೇಶವು ಪ್ರೋಗ್ರಾಮರುಗಳಿಗೆ ಮಾತ್ರ ತಿಳಿಯುವಂತಿತ್ತು. ಅದನ್ನು ತೆಗೆದು, ಯಾವ ಸಾಲು, ಯಾವ ಅಕ್ಷರದ ನಂತರ, ಏನನ್ನು ಅಳಿಸಬೇಕು ಎಂದು ಕನ್ನಡದಲ್ಲಿಯೇ ಹೇಳುವಂತೆ ಮಾಡಿದ ಮೇಲೆ, ‘ನನಗೆ ಇದೆಲ್ಲ ಬರುವುದಿಲ್ಲ’ ಎಂದು ಹಿಂದೆ ಸರಿಯುವವರು ಕಡಿಮೆಯಾದರು. ಪರಿಶೀಲನೆಗೆ ಸಮಯವಿಲ್ಲದಿದ್ದರೂ ‘ತಲುಪಿದೆ, ಭಾನುವಾರ ನೋಡುತ್ತೇವೆ’ ಎಂದು ಅಂದೇ ಬರೆಯುತ್ತೇವೆ. ಕೈಬಿಟ್ಟ ಪದಕ್ಕೆ ಕಾರಣ ಕೊಡದೆ ಇರುವುದಿಲ್ಲ. ಹಕ್ಕುಸ್ವಾಮ್ಯವಿರುವ ನಿಘಂಟಿನಿಂದ ಪುಟಗಟ್ಟಲೆ ಇಳಿಸಿಕೊಂಡು ತಂದವರಿಗೂ ಹಾಗೆಯೇ ತಿಳಿಸಿ ಹೇಳಿದ್ದೇವೆ. (1894ರ ಕಿಟ್ಟೆಲ್ ನಿಘಂಟಿಗೆ ಈ ತೊಡಕಿಲ್ಲವಾದರೂ ಅದರಲ್ಲಿನ ಎಷ್ಟೋ ಪದಗಳು ಇಂದು ಬಳಕೆಯಲ್ಲಿಲ್ಲ.)

ಹೆಸರಿನ ವಿಷಯದಲ್ಲಿ ನಾನು ಜಿಪುಣತನ ಒಪ್ಪುವುದಿಲ್ಲ. ಗಿಟ್‌ನಲ್ಲಿ ಬದಲಾವಣೆ ಬರೆದವರು, ಅದನ್ನು ಸೇರಿಸಿದವರು ಎಂದು ಎರಡು ಪ್ರತ್ಯೇಕ ನಮೂದುಗಳಿರುವುದರಿಂದ, ಸ್ಪ್ರೆಡ್‌ಶೀಟಿನಲ್ಲಿ ಕೆಲಸ ಮಾಡಿದವರ ಹೆಸರನ್ನೂ ಅವರ ಒಪ್ಪಿಗೆ ಪಡೆದು ಬರೆದವರ ಜಾಗದಲ್ಲಿಯೇ ಹಾಕುತ್ತೇವೆ. ಬಹುಮಾನಗಳಲ್ಲಿ ಮಾತ್ರ ನನಗೆ ನಂಬಿಕೆಯಿಲ್ಲ. ಮುಕ್ತ ತಂತ್ರಾಂಶಗಳಿಗೆ ನೆರವಾದವರಿಗೆ ಬಹುಮಾನ ಕೊಡುತ್ತಿದ್ದ 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಟೀ ಶರ್ಟಿನ ಆಸೆಗೆ ಜನರು ಹುರುಳಿಲ್ಲದ ಪುಲ್ ರಿಕ್ವೆಸ್ಟುಗಳನ್ನು (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಗಳನ್ನು) ಸುರಿದದ್ದರಿಂದ, ಒಪ್ಪಿಗೆ ಕೊಟ್ಟ ಯೋಜನೆಗಳನ್ನಷ್ಟೇ ಪರಿಗಣಿಸುವಂತೆ ಸಂಘಟಕರು ನಡುವೆಯೇ ನಿಯಮ ಬದಲಿಸಬೇಕಾಯಿತು. ನಮ್ಮಂತಹ ಸಣ್ಣ ತಂಡಕ್ಕೆ ಅಂತಹ ರಾಶಿಯನ್ನು ಜರಡಿ ಹಿಡಿಯುವ ಶಕ್ತಿಯಿಲ್ಲ.

ಕ್ರಿಯಾಪದಗಳನ್ನು ನಾವು ಹೊಸಬರಿಗೆ ಕೊಡುವುದಿಲ್ಲ. ‘ಬರು’ ಎಂಬುದು ಬಂದ, ಬಾರದು, ಬರುತ್ತಾಳೆ ಎಂದೆಲ್ಲ ಬದಲಾಗುವುದರಿಂದ ಅದಕ್ಕೆ ಒಂದೇ ಪ್ರಶ್ನೆ ಸಾಲದು. ನಾಮಪದಗಳಲ್ಲಿ ಕೈ ಪಳಗಿದವರನ್ನು ಕೇಳಿ, ಅವರು ಒಪ್ಪಿದರೆ ಆ ಪಟ್ಟಿಯನ್ನು ಪರಿಶೀಲನೆಯ ಅಧಿಕಾರದ ಸಮೇತ ವಹಿಸುತ್ತೇವೆ. ಈಗ ಆ ಭಾಗದಲ್ಲಿ ನನ್ನ ತಿದ್ದುಪಡಿಗಳನ್ನು ನೋಡಿ ಒಪ್ಪುವವರು ಅದೇ ಮೇಷ್ಟರು, ಮತ್ತು ಅವರು ಸುಲಭಕ್ಕೆ ಒಪ್ಪುವವರಲ್ಲ.